ಹಾಸು ಮುಗಿಯಲೆಂದು ಕಾಯ್ದ ದುರಸ್ತಿ

ಕೆಲವು ವಿವರಗಳು ನನ್ನಲ್ಲಿ ಅದಲುಬದಲಾಗಿರಬಹುದು. ನಾನು ಬಾಗಲಕೋಟೆಯಿಂದ ಇಳಕಲ್ಲಿಗೆ ಕಾಕಾನ ಮನೆಗೆ ಹೋದದ್ದು ಸೋಮವಾರವೋ ಮಂಗಳವಾರವೋ ತಿಳಿಯದು. ಡೈರಿಯಲ್ಲಿ ಬರೆದದ್ದು ಒಂದೇ ಸಾಲು: ‘ಕಾಕಾ ಒಪ್ಪಲಿಲ್ಲ.’ ಸಿಟ್ಟು ಮಾತ್ರ ಮರೆತಿಲ್ಲ.

ಕಾಕಾನ ಮನೆಯಲ್ಲಿ ಹಿಂದೆ ಮಗ್ಗ, ಮುಂದಿನ ಖೋಲಿಯಲ್ಲಿ ಒಂದು ದೊಡ್ಡ ಸರ್ವರ್. ಆ ಒಂದೇ ಯಂತ್ರದೊಳಗೆ ಸಾಫ್ಟ್‌ವೇರಿನ ಗೋಡೆ ಎಬ್ಬಿಸಿ, ಮೂರು ಬೇರೆ ಬೇರೆ ಕಂಪ್ಯೂಟರುಗಳಂತೆ ಮಾಡಿ ಬಾಡಿಗೆಗೆ ಕೊಟ್ಟಿದ್ದ: ಒಂದು ಸೀರೆ ಅಂಗಡಿಗೆ, ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಗೆ, ಇನ್ನೊಂದು ಹುನಗುಂದದ ಹೆರಿಗೆ ದವಾಖಾನೆಗೆ. ದವಾಖಾನೆಯ ಕಂಪ್ಯೂಟರ್ ಕೆಲಸ ನನ್ನದು. ‘ನಮ್ಮ ಕಾಕಾನ ಹತ್ತಿರ ಇಡಿ’ ಎಂದು ಡಾಕ್ಟರಮ್ಮನಿಗೆ ಹೇಳಿದವಳೂ ನಾನೇ.

ಆ ವಾರ ಸುದ್ದಿ ಬಂದಿತ್ತು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ, ಇಂಥ ಗೋಡೆಗಳನ್ನು ಕಾಯುವ ಭಾಗದಲ್ಲೇ ದೋಷ. ಮೆಮೊರಿಯ ಒಂದು ತುಂಡನ್ನು ಬಿಟ್ಟುಕೊಟ್ಟ ಮೇಲೂ ಕರ್ನಲ್ ಅದನ್ನು ಮುಟ್ಟುತ್ತಿತ್ತು. ಬಲ್ಲವನು ಆ ಸಂದು ಹಿಡಿದು, ತನ್ನ ಬಾಡಿಗೆ ಭಾಗದೊಳಗೆ ಕುಳಿತೇ ಇಡೀ ಯಂತ್ರವನ್ನು ಕೈವಶ ಮಾಡಿಕೊಂಡು ಉಳಿದವರದ್ದನ್ನು ಓದಬಹುದು. ತಿದ್ದಿದ ಕರ್ನಲ್ ಆಗಲೇ ಬಂದಿತ್ತು. ಅದನ್ನು ಹಾಕಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಸಾಕಿತ್ತು.

“ನಡುವ ಬಂದ್ ಮಾಡಾಕ ಬರಂಗಿಲ್ಲವಾ,” ಎಂದ ಕಾಕಾ. “ಮಗ್ಗದ ಮ್ಯಾಲ ಹಾಸು ಇದ್ದಾಗ ಯಾರರ ಮಗ್ಗ ಬಿಚ್ತಾರೇನ? ಎಲ್ಲಾರ್ದೂ ಕೆಲಸ ನಡದೈತಿ. ತಿಂಗಳ ಮುಗೀಲಿ.”

“ಇದು ಮಗ್ಗಲ್ಲ ಕಾಕಾ! ಕಾರ್ಖಾನಿಯವ್ರು ಪಾಸ್‌ವರ್ಡ್ ಗ್ವಾಡಿ ಮ್ಯಾಲ ಬರದ್ ಹಚ್ಚ್ಯಾರ. ಲಾರಿ ಡ್ರೈವರಿಗೂ ಗೊತ್ತೈತಿ.”

“ಕಲ್ಲ ಕೊರಿಯೋರು ನಿನ್ನ ಕರ್ನಲ್ ಕೊರೀತಾರೇನ? ಭಾಳ ಓದಿ ಭಾಳ ಅಂಜತೀ ನೋಡ ನೀ.”

ಮಗ್ಗದ ಮುಂದಿದ್ದ ಅವನ ಹೆಂಡತಿ, ನಮ್ಮ ಕಾಕು, ನಕ್ಕಳು. “ಚಾ ಕುಡಿಯವಾ, ಸಿಟ್ಟ ಇಳೀತೈತಿ.”

ಇಳಿಯಲಿಲ್ಲ. ದವಾಖಾನೆಯ ದಾಖಲೆಗಳಲ್ಲಿ ಒಬ್ಬಳು ಅತ್ತೆಗೆ ಹೇಳದೆ ಮಾಡಿಸಿಕೊಂಡ ತಪಾಸಣೆ ಇತ್ತು, ಇನ್ನೊಬ್ಬಳು ಕಳೆದುಕೊಂಡ ಬಸಿರು ಇತ್ತು. ಅವರು ನಂಬಿ ಹೇಳಿದ್ದು ಡಾಕ್ಟರಮ್ಮನಿಗೆ. ನೇಯುವ ನಡುವೆ, ಮಗ್ಗಕ್ಕೆ ಉದ್ದಕ್ಕೆ ಎಳೆದು ಕಟ್ಟಿದ ಹಾಸು ಬಿಚ್ಚಿದರೆ ನೂಲು ಕೆಡುತ್ತದೆ, ಖರೆ. ಇಲ್ಲಿ ಕೆಡುತ್ತಿದ್ದದ್ದು ಹತ್ತು ನಿಮಿಷ! ಅಷ್ಟಕ್ಕಾಗಿ, ಮುಖ ನೋಡಿರದ ಹೆಣ್ಣುಮಕ್ಕಳ ಗುಟ್ಟನ್ನು ತಿಂಗಳು ಮುಗಿಯುವವರೆಗೆ ತೆರೆದಿಡಲು ಕಾಕಾನಿಗೆ ಅಧಿಕಾರ ಕೊಟ್ಟವರು ಯಾರು?

ನಾನು, ಇನ್ನಾರು? ಅಂದೇ ಆ ದಾಖಲೆಗಳನ್ನು ಬೇರೆಡೆಗೆ ಒಯ್ಯಬಹುದಿತ್ತು. ಕಾಕಾನ ಮನಸ್ಸು ನೋಯಬಾರದೆಂದು ಚಹಾ ಕುಡಿದು ಮರಳಿದೆ. ಹಾಗೆಂದು ಆಗಲೇ ಅನಿಸಿತ್ತೋ, ಈಗ ನನ್ನ ಆಲಸ್ಯಕ್ಕೆ ಒಳ್ಳೆಯ ಹೆಸರಿಡುತ್ತಿದ್ದೇನೋ.

ತಿಂಗಳು ಮುಗಿದ ಮೇಲೆ ಅವನು ಕರ್ನಲ್ ಬದಲಿಸಿ ಫೋನ್ ಮಾಡಿದ. “ಹಾಕೇನಿ. ಏನಾತು? ಏನೂ ಆಗ್ಲಿಲ್ಲಲ್ಲ?”

ಕಾರ್ಖಾನೆಯ ಭಾಗಕ್ಕೆ ಆ ತಿಂಗಳು ಗುರುತಿಲ್ಲದ ಕಡೆಯಿಂದ ಯಾರೋ ಹೊಕ್ಕಿದ್ದು ಯಂತ್ರದಲ್ಲೇ ದಾಖಲಾಗಿತ್ತು; ಅದನ್ನು ನಾನು ನೋಡಿದ್ದೆ. ಅಲ್ಲಿಂದ ಗೋಡೆ ದಾಟಿದರೋ ಇಲ್ಲವೋ ತಿಳಿಯುವಂತಿರಲಿಲ್ಲ. ಅದನ್ನು ಹೇಳಿ ಕೇಳಿದೆ: “ಆ ಹೆಣ್ಮಕ್ಕಳಿಗೆ ಇದನ್ನ ಯಾರ ಹೇಳಬೇಕು ಕಾಕಾ, ನೀನೋ ನಾನೋ?”