ತಾತನ ಕಾರ್ಡಿನಲ್ಲಿದ್ದ ನನ್ನ ಎದೆಯುರಿ

ಮಕ್ಕಳೇ, ನಿಮ್ಮ ತಾತನಿಗೆ ಎದೆನೋವು ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಡೇರಿಗೆ ಹಾಲು ಹಾಕಿ ಬಂದು ಕ್ಯಾನು ಇಳಿಸುವಾಗ. ಜಗುಲಿಯ ಮೇಲೆ ಕೂತರು. ಎಡಗೈ ಎತ್ತಲಾಗಲಿಲ್ಲ. ಮೈಯೆಲ್ಲ ಬೆವರು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಆಸ್ಪತ್ರೆಯ ಐಸಿಯುನಲ್ಲಿದ್ದರು. ಮೂರು ಕಡೆ ಬ್ಲಾಕ್, ಬೈಪಾಸ್ ಬೇಗ ಆಗಬೇಕು ಎಂದರು. ನಿಮ್ಮಮ್ಮ ಹೋದ ವರ್ಷ ಇನ್ಶೂರೆನ್ಸ್ ಮಾಡಿಸಿದ್ದಳು. ಆ ಕಂಪನಿ ಒಪ್ಪದೆ ಆಪರೇಷನ್ ಮಾಡಿಸುವ ಶಕ್ತಿ ನಮಗಿರಲಿಲ್ಲ.

ಮಂಗಳವಾರ ಕಂಪನಿಯವರು ಸೂಲಿಬೆಲೆಯ ನಮ್ಮ ಡಾಕ್ಟರಿಂದ ಹಳೆಯ ದಾಖಲೆ ಕೇಳಿದರು. ಅವರು ಕ್ಲಿನಿಕ್ಕಿನಲ್ಲಿದ್ದ ತಾತನ ಕಾರ್ಡಿನ ನಕಲು ಕಳಿಸಿದರು. ಸಂಜೆಗೆ ಉತ್ತರ ಬಂತು. ಮೂರು ವರ್ಷದಿಂದ ಎದೆಯ ತೊಂದರೆ ಇತ್ತು, ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟಿದ್ದೀರಿ, ಹಣ ಕೊಡುವುದಿಲ್ಲ ಎಂದು.

ಕಾರ್ಡಿನಲ್ಲಿದ್ದ ಎದೆಯುರಿ ನನ್ನದು.

ಡಾಕ್ಟರ ಎದುರು ಬಾಯಿಬಿಡಲು ನನಗೆ ನಾಚಿಕೆ. ನನ್ನ ಸಂಕಟವನ್ನೆಲ್ಲ ತಾತನೇ ಹೋಗಿ ಹೇಳಿ ಮಾತ್ರೆ ತರುತ್ತಿದ್ದರು. ಮನೆಗೊಂದೇ ಕಾರ್ಡು, ಅದು ಅವರ ಹೆಸರಿನಲ್ಲಿ. ಎದೆ ಉರಿ ಎಂದು ಬರೆದಿತ್ತೇ ಹೊರತು ಯಾರಿಗೆ ಎಂದು ಬರೆದಿರಲಿಲ್ಲ.

ಬುಧವಾರ ಕ್ಲಿನಿಕ್ ತೆರೆಯುವ ಮೊದಲೇ ಹೋಗಿ ನಿಂತೆವು. ನಿಮ್ಮಮ್ಮ ಮಾತು ಶುರುಮಾಡಿದಳು. ಡಾಕ್ಟರು ಅವಳನ್ನು ತಡೆದು ನನ್ನನ್ನು ನೋಡಿದರು.

"ನಿಮ್ ಬಾಯಲ್ಲೇ ಹೇಳ್ಬೇಕಮ್ಮ. ಯಾರಿಗಿತ್ತು?"

"ನಂಗೆ," ಎಂದೆ. ಎಷ್ಟು ದಿನದಿಂದ, ಊಟಕ್ಕೆ ಮೊದಲೋ ಆಮೇಲೋ, ಎಲ್ಲ ಹೇಳಿದೆ. ಆ ಸಾಲು ಹೊಡೆದುಹಾಕಿ ಎಂದು ಕೈಮುಗಿದೆ.

"ಬರ್ದಿದ್ದನ್ನ ತಿದ್ದೋ ಹಾಗಿಲ್ಲ. ನಾನೂ ಅವತ್ತು ಯಾರಿಗೆ ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಅದನ್ನೇ ಬರ್ಕೊಡ್ತೀನಿ."

ಆ ಬುಧವಾರದ್ದೇ ತಾರೀಕು ಹಾಕಿ ಕಂಪನಿಗೆ ಪತ್ರ ಬರೆದರು. ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

ಸಂಜೆ ಐಸಿಯುನಲ್ಲಿ ತಾತನಿಗೆ ಇದನ್ನೆಲ್ಲ ಹೇಳಿದೆ. ಮೆಲ್ಲಗೆ ನಕ್ಕರು.

"ಅಂತೂ ಡಾಕ್ಟ್ರ ಹತ್ರ ಮಾತಾಡ್ದೆ ಅನ್ನು. ಅದಕ್ಕೆ ನಾನ್ ಇಲ್ಲಿ ಬಂದು ಮಲ್ಕೋಬೇಕಾಯ್ತು ನೋಡು."

ಶುಕ್ರವಾರ ಒಪ್ಪಿಗೆ ಬಂತು. ಶನಿವಾರ ಆಪರೇಷನ್.

ಅವರು ಏಳಲಿಲ್ಲ.

ಮೂರು ದಿನ ಮೊದಲೇ ಆಗಿದ್ದರೆ ಉಳಿಯುತ್ತಿದ್ದರೇ ಎಂದು ಆಪರೇಷನ್ ಮಾಡಿದ ಡಾಕ್ಟರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಸುಮ್ಮನೆ ಸಮಾಧಾನ ಹೇಳಲಿಲ್ಲ, ಅದಕ್ಕೆ ಅವರ ಮೇಲೆ ಗೌರವವಿದೆ. ಆದರೆ ಹಾಲು ಕರೆಯುವಾಗ, ಮುದ್ದೆ ತಿರುವುವಾಗ, ಆ ಮೂರು ದಿನ ಬಂದು ಎದುರು ಕೂರುತ್ತವೆ. ಎದ್ದು ಹೋಗಿ ಎಂದು ನಾನೂ ಈಗ ಹೇಳುವುದಿಲ್ಲ.

ಹೋದ ವಾರ ಮತ್ತೆ ಎದೆಯುರಿ ಬಂತು. ಒಬ್ಬಳೇ ಬಸ್ಸು ಹತ್ತಿ ಸೂಲಿಬೆಲೆಗೆ ಹೋದೆ. ಡಾಕ್ಟರು ಹೊಸ ಕಾರ್ಡು ಮುಂದಿಟ್ಟುಕೊಂಡು, ಯಾರಿಗೆ ಎಂದು ಕೇಳಿದರು. ಈಗ ಬಂದವರನ್ನೆಲ್ಲ ಹಾಗೆಯೇ ಕೇಳುತ್ತಾರಂತೆ.

ನನಗೆ ಎಂದೆ. ಹೆಸರು ಹೇಳಿದೆ.