ಗಿರಣಿ ನಿಂತರೂ ಬಾರದ ದನಿ

…ದೂರದ ರೇಡಿಯೋ ಮಾತು ಆಕಾಶಕ್ಕೆ ತಾಗಿ ನಮ್ಮ ಕಡೆ ಇಳಿಯುತ್ತದೆ, ಸೂರ್ಯ ಕೆರಳಿದರೆ ಆಕಾಶವೇ ಅದನ್ನು ನುಂಗಿಬಿಡುತ್ತದೆ ಎಂದು ಯಾರೋ ಅಂದಿದ್ದರು. ಗೆಳೆಯರೇ, ಇವತ್ತು ಮಧ್ಯಾಹ್ನ ಬ್ಯಾಡಗಿಯಲ್ಲಿ ಅದೇ ಆಯಿತು.

ನಮ್ಮ ಓಣಿಯ ದರ್ಜಿ ಮೌಲಾಸಾಬ್ ಕಾಕಾ ಬರೆದ ಪತ್ರವನ್ನು ವಿದೇಶಿ ಕೇಂದ್ರವೊಂದರ ನಿರೂಪಕಿ ಇವತ್ತಿನ ಹಿಂದಿ ಕಾರ್ಯಕ್ರಮದಲ್ಲಿ ಓದುವುದಿತ್ತು. ಕಾಕಾ ಓಣಿಯವರನ್ನೆಲ್ಲ ಕರೆದಿದ್ದರು. ಶಾರ್ಟ್‌ವೇವ್ ಹಚ್ಚಿದರೆ ಬರೀ ಸುಂಯ್ ಎನ್ನುವ ಸದ್ದು. ಎಂದಿನಂತೆ ಪಕ್ಕದ ಖಾರದ ಗಿರಣಿಯತ್ತ ಕೂಗಿದರು.

"ಗಂಗವ್ವಾ, ನಿನ್ನ ಮೋಟಾರ್ ಬಂದ್ ಮಾಡವಾ! ರೇಡಿಯೋ ಕೇಳಸವಲ್ದು."

ಗಂಗವ್ವ ಗಿರಣಿ ನಿಲ್ಲಿಸಿ, ಸೀನುತ್ತ ಹೊರಗೆ ಬಂದಳು. ಆದರೂ ದನಿ ಬರಲಿಲ್ಲ. ಬ್ಯಾಂಡ್ ಬದಲಿಸಿದರೆ ಹತ್ತಿರದ ಧಾರವಾಡ ಕೇಂದ್ರ ಮಾತ್ರ ಸ್ವಚ್ಛವಾಗಿ ಕೇಳುತ್ತಿತ್ತು.

"ಇದು ಸೂರ್ಯನ ಕೆಲಸ ಇರಬೇಕು," ಎಂದೆ ನಾನು.

"ನನ್ನ ಗಿರಣಿ ಬಂದ್ ಮಾಡ್ಸಿದ್ರಿ. ಈಗ ಆ ಸೂರ್ಯನ್ನ ಯಾರ ಬಂದ್ ಮಾಡಸ್ತಾರ?" ಎಂದವಳು ಕಾಕಾನ ಮುಖ ನೋಡಿ ಮೆತ್ತಗಾದಳು. "ಹೋಗ್ಲಿ ಬಿಡ್ರಿ ಕಾಕಾ, ಪತ್ರ ಬರದವ್ರು ನೀವ ಅಲ್ಲೇನು? ನೀವ ಓದಿ ಹೇಳ್ರಿ."

"ನಾ ಓದಿದ್ರ ಏನ್ ಬಂತವಾ? ಆಕಿ ಬಾಯಾಗ ಬ್ಯಾಡಗಿ ಅಂತ ಬರಬೇಕಿತ್ತು."

ಕಾರ್ಯಕ್ರಮದ ಹೊತ್ತು ಮುಗಿಯುವವರೆಗೂ ಗಂಗವ್ವ ಗಿರಣಿ ಹಚ್ಚಲಿಲ್ಲ. ಮೆಣಸಿನಕಾಯಿ ತಂದ ಗಿರಾಕಿಗಳು ಚೀಲಗಳ ಮೇಲೆ ಕುಳಿತು, ಆ ಸುಂಯ್ ಸದ್ದನ್ನೇ ಗಮನವಿಟ್ಟು ಕೇಳಿದರು.

ಅಷ್ಟು ದೂರದಲ್ಲಿ ಮೈಕಿನ ಮುಂದೆ ಕುಳಿತಿದ್ದ ತಾಯಿ, ನಮ್ಮೂರಿನ ಹೆಸರನ್ನು ನೀವು ಸರಿಯಾಗಿಯೇ ಅಂದಿರಾ?