ಬೆಳ್ಳಿಗೆ ಕೂಗುವ ಬಾಗಿಲು

ವಿಯೆಟ್ನಾಮಿಗೆ ಹೊರಟಾಗ ನಮಗೆ ಹೆದರಿಕೆಯಿದ್ದದ್ದು ಊಟದ ಬಗ್ಗೆ. ಅದಕ್ಕೇ ಅರ್ಧ ಪೆಟ್ಟಿಗೆ ಚಟ್ನಿಪುಡಿ, ಕೋಡುಬಳೆ, ಅವಲಕ್ಕಿ ತುಂಬಿಕೊಂಡು ಹೋಗಿದ್ದೆವು. ಊಟ ಹೇಗೋ ಆಯಿತು. ನಮ್ಮನ್ನು ನಿಜವಾಗಿ ಅಲ್ಲಾಡಿಸಿದ್ದು ವಾಪಸ್ಸು ಬರುವಾಗ ಸಿಕ್ಕಿದ ಒಂದು ಬಾಗಿಲು.

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಹೊಲಿಗೆ ಅಂಗಡಿಯಿದೆ. ರವಿಕೆ ಹೊಲಿಸಲು ಬರುವ ಹೆಂಗಸರು ಒಬ್ಬರಾದ ಮೇಲೊಬ್ಬರು ಫೋನು ತೆಗೆದು ತಾವು ಹೋಗಿಬಂದ ದೇಶಗಳ ಫೋಟೊ ತೋರಿಸಿ ತೋರಿಸಿ ನನ್ನ ಹೊಟ್ಟೆ ಉರಿಸಿದ್ದರಿಂದಲೇ ನಾವೂ ಹೊರಟದ್ದು. ಮನೆಯವರನ್ನು ಒಪ್ಪಿಸಲು ಸ್ವಲ್ಪ ದಿನ ಹಿಡಿಯಿತು. ಅತ್ತೆಯನ್ನು ಒಪ್ಪಿಸುವ ಪ್ರಶ್ನೆಯೇ ಬರಲಿಲ್ಲ. ನಾವು ಗಂಡಹೆಂಡತಿ ಅಡುಗೆಮನೆಯಲ್ಲಿ ಗುಸುಗುಸು ಮಾತಾಡುತ್ತಿದ್ದಾಗ ಹಜಾರದಿಂದಲೇ, "ನಾನೂ ಬತ್ತೀನಿ. ಸಮುದ್ರ ನೋಡಿಲ್ಲ" ಅಂದರು. ಅಜ್ಜಂಪುರದಲ್ಲಿ ಹುಟ್ಟಿ ತರೀಕೆರೆಗೆ ಸೊಸೆಯಾಗಿ ಬಂದ ಅವರು ಪ್ರವಾಸ ಅಂತ ಹೋಗಿದ್ದು ಒಂದೇ ಸಲ, ಕೆಮ್ಮಣ್ಣುಗುಂಡಿಗೆ. ಅದೂ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು. ಈ ಸಲ ಹೊರಡುವ ಮುಂಚೆ, "ಇದೇ ಮೊದ್ಲು, ಇದೇ ಕೊನೆ" ಎಂದು ಬೀದಿಯವರಿಗೆಲ್ಲ ಹೇಳಿಬಂದಿದ್ದರು.

ನಮ್ಮದು ಲಿಂಗಾಯತರ ಮನೆ. ಅತ್ತೆಗೆ ಚಿಕ್ಕಂದಿನಲ್ಲಿ ಮಠದ ಸ್ವಾಮಿಗಳು ದೀಕ್ಷೆ ಕೊಟ್ಟು ಕೊರಳಿಗೆ ಕಟ್ಟಿದ ಇಷ್ಟಲಿಂಗ ಇವತ್ತಿನವರೆಗೂ ಅವರ ಮೈಬಿಟ್ಟು ಹೋಗಿಲ್ಲ. ಜ್ವರ ಬಂದಾಗಲೂ ಇಲ್ಲ, ಹೆರಿಗೆಯಲ್ಲೂ ಇಲ್ಲ. ಬೆಳಿಗ್ಗೆ ಸ್ನಾನ ಮಾಡಿ ಎಡಗೈ ಅಂಗೈಯಲ್ಲಿಟ್ಟು ಪೂಜೆ ಮಾಡುವಾಗ ತೆಗೆಯುತ್ತಾರೆ. ಅಂಗೈಯೂ ಮೈಯೇ ಆದ್ದರಿಂದ ಅದು ಅಗಲಿದ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಬ್ಬರ ಕೈಗೆ ಮಾತ್ರ ಕೊಡುವ ಹಾಗಿಲ್ಲ. ಲಿಂಗ ಮೈ ಬಿಟ್ಟರೆ ಪ್ರಾಣ ಬಿಟ್ಟ ಹಾಗೆ ಎನ್ನುವ ಕಾಲದವರು. ಅದನ್ನಿಡುವ ಬೆಳ್ಳಿಯ ಕರಡಿಗೆ ಮಾವ ತೋಟದ ಮೊದಲ ಫಸಲು ಬಂದ ವರ್ಷ ಕಡೂರಿನ ಅಕ್ಕಸಾಲಿಗರ ಹತ್ತಿರ ಮಾಡಿಸಿಕೊಟ್ಟದ್ದು. ಮಾವ ಈಗಿಲ್ಲ. ನನಗೂ ಮದುವೆಗೆ ಮುಂಚೆಯೇ ಲಿಂಗ ಕಟ್ಟಿದ್ದರು. ಮಷೀನಿನ ಮೇಲೆ ಬಗ್ಗಿದಾಗ ತಾಗುತ್ತದೆ ಅಂತ ದೇವರ ಮನೆಯ ಮೊಳೆಗೆ ನೇತುಹಾಕಿದ್ದೇನೆ. ನನ್ನ ವಯಸ್ಸಿನ ಬಹಳ ಜನರದ್ದು ಅಲ್ಲೇ ಇದೆ.

ಹೋಗುವಾಗ ಬೆಂಗಳೂರಿನ ತಪಾಸಣೆಯಲ್ಲಿ ಏನೂ ತೊಂದರೆಯಾಗಲಿಲ್ಲ. ಪೊಲೀಸ್ ಹುಡುಗಿ ಕೈಯಲ್ಲಿದ್ದ ಯಂತ್ರವನ್ನು ಅತ್ತೆಯ ಎದೆಯ ಹತ್ತಿರ ತಂದಳು, ಅದು ಕೂಗಿತು, "ಲಿಂಗನಾ ಅಜ್ಜಿ? ಇರ್ಲಿ, ಹೋಗಿ" ಅಂದಳು. ಹಾಗಾಗಿ ಅದೊಂದು ವಿಷಯವೆಂದೇ ನಮಗೆ ಹೊಳೆದಿರಲಿಲ್ಲ.

ಅತ್ತೆ ಸಮುದ್ರ ನೋಡಿದರು. ಕಾಲಿಗೆ ಅಲೆ ಬಡಿದಾಗ ಸೀರೆ ಎತ್ತಿ ಹಿಡಿದು ನಿಂತರು. "ಕೊನೇನೇ ಇಲ್ವಲ್ಲೇ ಇದುಕ್ಕೆ" ಅಂದರು. ದೋಣಿ ಹತ್ತಿದರು. ಸಂತೆಯಲ್ಲಿ ಯಾತಕ್ಕೆ ಬೇಕೆಂದು ಹೇಳದೆ ಒಂದು ತುಂಡು ನೀಲಿ ರೇಷ್ಮೆ ಕೊಂಡರು. ಒಂದು ರವಿಕೆಗೂ ಸಾಲದ ಬಟ್ಟೆ ಯಾಕೆ ಅಂತ ನಾನು ಆಡಿಕೊಂಡೆ. ಅಷ್ಟರಲ್ಲಿ ರಜೆ ಮುಗಿದಿತ್ತು.

ವಿಮಾನ ನಿಲ್ದಾಣದಲ್ಲೂ ನಮ್ಮ ಮನೆಯವರದ್ದು ಬಸ್‌ಸ್ಟ್ಯಾಂಡಿನ ಪದ್ಧತಿಯೇ. ನಮ್ಮ ಕಡೆಯವರು ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನ್ನು ಕೇಳಿ, ಹತ್ತಿ ಕೂತಾದ ಮೇಲೆ ಪಕ್ಕದವರನ್ನು ಇನ್ನೊಂದು ಸಲ ಕೇಳಿದರೇ ಸಮಾಧಾನ. ಅಲ್ಲಿ ತಲೆಯ ಮೇಲೆಯೇ ದೊಡ್ಡ ಪರದೆಯಲ್ಲಿ ಬೆಂಗಳೂರು ಎಂದು ಬರುತ್ತಿದ್ದರೂ ಇವರು ನೆಲ ಒರೆಸುವವರಿಂದ ಹಿಡಿದು ಕಾಫಿ ಮಾರುವವರವರೆಗೆ ಎಲ್ಲರನ್ನೂ "ಬ್ಯಾಂಗಲೋರ್? ಬ್ಯಾಂಗಲೋರ್?" ಎಂದು ವಿಚಾರಿಸಿದರು. ಎಲ್ಲರೂ ನಕ್ಕು ಒಂದೊಂದು ದಿಕ್ಕು ತೋರಿಸಿದರು. ಹೀಗೆ ಸುತ್ತಾಡಿ ತಪಾಸಣೆಯ ಸಾಲಿಗೆ ಬರುವಷ್ಟರಲ್ಲಿ ತಡವಾಗಿತ್ತು.

ಚೀಲ, ಫೋನು, ಪರ್ಸು ಎಲ್ಲ ಟ್ರೇಯಲ್ಲಿಟ್ಟು ಯಂತ್ರದೊಳಗೆ ಬಿಟ್ಟೆವು. ಮನೆಯವರು ಕಮಾನಿನಂಥ ಆ ಬಾಗಿಲು ದಾಟಿ ಆಚೆ ಹೋದರು. ನಾನೂ ದಾಟಿದೆ. ಅತ್ತೆ ಕಾಲಿಟ್ಟದ್ದೇ ತಡ, ಬಾಗಿಲು ಕೂಗಿತು. ಅಲ್ಲಿದ್ದ ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು. ಅತ್ತೆಯನ್ನು ಹಿಂದಕ್ಕೆ ಕಳಿಸಿ, ಎದೆಯ ಮೇಲಿನ ಉಬ್ಬು ತೋರಿಸಿ, ತೆಗೆದು ಟ್ರೇಯಲ್ಲಿಡಿ ಎಂದು ಸನ್ನೆ ಮಾಡಿದಳು. ಅತ್ತೆ ಎರಡೂ ಕೈಯಲ್ಲಿ ಕರಡಿಗೆಯನ್ನು ಮುಚ್ಚಿಕೊಂಡು ನಿಂತುಬಿಟ್ಟರು.

ಮನೆಯವರು ಆಚೆಯಿಂದಲೇ, "ಅವ್ವ, ಒಂದ್ನಿಮ್ಸ ತೆಗ್ದು ಇಡವ್ವ. ಆ ಕಡೆಯಿಂದ ಹೋಗಿ ಈ ಕಡೆ ಬತ್ತದೆ, ಅಷ್ಟೇಯ" ಅಂದರು.

"ಬತ್ತದೋ ಬಿಡ್ತದೋ, ನಾನು ಕೊಡಲ್ಲ ಕಣಪ್ಪ."

"ಪ್ಲೇನು ಹೋಗ್ಬಿಡ್ತದೆ."

"ಹೋಗ್ಲಿ. ನೀವಿಬ್ರೂ ಹೋಗ್ರಿ. ನಾನು ಇಲ್ಲೇ ಇರ್ತೀನಿ."

ಇದು ಹುಡುಗಾಟದ ಮಾತಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆ ಇರುತ್ತೇನೆ ಅಂದರೆ ಇರುವವರೇ. ನನಗೆ ಮೊದಲು ಬಂದದ್ದು ಸಿಟ್ಟು. ದಿನವೂ ಹೋಟೆಲಿನಲ್ಲಿ ಇವರ ಪೂಜೆ ಮುಗಿಯುವಷ್ಟರಲ್ಲಿ ಕೆಳಗೆ ತಿಂಡಿ ಮುಗಿದಿರುತ್ತಿತ್ತು, ಅದನ್ನು ನುಂಗಿಕೊಂಡಿದ್ದೆ. ಈಗ ವಿಮಾನವೂ ತಪ್ಪಬೇಕೆ? ಜೋರು ಮಾಡೋಣವೆಂದು, ಅಧಿಕಾರಿಯ ಅಪ್ಪಣೆಗೂ ಕಾಯದೆ ಬಾಗಿಲ ಈಚೆಗೆ ವಾಪಸ್ಸು ಬಂದೆ. ಹತ್ತಿರ ಬಂದಾಗ ಅವರು ಕರಡಿಗೆಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದುಕೊಂಡಿದ್ದುದು ಕಾಣಿಸಿತು. ಮನೆಯಲ್ಲಿ ನಾಗರಹಾವು ಬಂದಾಗಲೂ ಕೋಲು ತಾ ಅಂತ ತಣ್ಣಗೆ ಕೇಳಿದ ಹೆಂಗಸು. ಆ ಕೈ ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ತಿರುಗಿ ಆ ಅಧಿಕಾರಿಯ ಜೊತೆಗೇ ಜಗಳಕ್ಕೆ ನಿಂತೆ, ಅದೂ ಕನ್ನಡದಲ್ಲಿ. "ಇದು ಸರ ಅಲ್ಲ ಕಣಮ್ಮ, ಒಡವೆ ಅಲ್ಲ. ಹೆಂಗೆ ತೆಗೆದಿಡ್ತಾರೆ?" ಅಂದೆ. ಅನುವಾದ ಮಾಡುವ ಫೋನು ಟ್ರೇಯಲ್ಲಿ ಆಚೆ ಹೋಗಿ ಕೂತಿತ್ತು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಸಭ್ಯಳಾಗಿಯೇ ಹೇಳಿದಳು, ಆದರೆ ಬೆರಳು ಟ್ರೇ ಕಡೆಗೇ ಇತ್ತು. ನಮ್ಮ ಹಿಂದಿನ ಸಾಲು ಪಕ್ಕಕ್ಕೆ ಹರಿಯತೊಡಗಿತು.

ಅತ್ತೆ ಇದ್ದಕ್ಕಿದ್ದಂತೆ ನನ್ನನ್ನು ಕೇಳಿದರು. "ಅಲ್ಲ ಕಣೇ, ಅದು ಯಾತುಕ್ಕೆ ಕೂಗ್ತದೆ?"

"ಲೋಹಕ್ಕೆ ಅತ್ತೆ. ದಪ್ಪ ಲೋಹ ಇದ್ರೆ ಕೂಗುತ್ತೆ."

"ಕಲ್ಲಿಗೆ?"

"ಕಲ್ಲಿಗೆ ಕೂಗಲ್ಲ."

"ಹಂಗಾದ್ರೆ ಬೆಳ್ಳಿ ಕೊಡಾನ. ಶಿವನ್ನ ಕೊಡಲ್ಲ."

ಅಲ್ಲೇ ಗೋಡೆಯ ಕಡೆ ಮುಖ ಮಾಡಿ ನಿಂತರು. ಸೊಂಟದ ಸಣ್ಣ ಬಟ್ಟೆಚೀಲದಲ್ಲಿದ್ದ ವಿಭೂತಿ ಉಂಡೆಯನ್ನು ಅಂಗೈಗೆ ತೀಡಿಕೊಂಡರು. ನೀರಿನ ಬಾಟಲಿಯನ್ನು ಸಾಲಿನಲ್ಲೇ ಕಿತ್ತುಕೊಂಡಿದ್ದರಿಂದ ಕೈ ತೊಳೆಯಲು ಅವರಿಗೆ ಇದ್ದದ್ದು ಅದೊಂದೇ. ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿ, ಆ ಗಂಟನ್ನು ಕೊರಳ ಹತ್ತಿರ ಎಳೆದು ಹಿಡಿದರು. "ನಮ್ಮತ್ತೆ ಕಳೆ ಕೀಳಾಕೆ ಹೋಗಾಗ ಹಿಂಗೇ ಬಟ್ಟೇಲಿ ಕಟ್ಕಳ್ಳಾರು. ಅವಾಗ ಬೆಳ್ಳಿ ಎಲ್ಲಿತ್ತು" ಅಂದರು. ಬರಿದಾದ ಕರಡಿಗೆಯನ್ನು ದಾರದ ಸಮೇತ ತಾವೇ ಟ್ರೇಯಲ್ಲಿಟ್ಟರು. ಅದು ರಬ್ಬರಿನ ಪರದೆಯೊಳಗೆ ಹೋಗುವುದನ್ನು ನೋಡಲಿಲ್ಲ, ಮುಖ ತಿರುಗಿಸಿದರು. ಮಾವ ಕೊಟ್ಟದ್ದಲ್ಲವೇ.

ಬಾಗಿಲು ದಾಟಿದರು. ಅದು ಸುಮ್ಮನಿತ್ತು. ಅವರ ಹಿಂದೆಯೇ ನಾನೂ ದಾಟಿದೆ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ, ಮುಗಿಯಲಿಲ್ಲ. ಆ ಹೆಂಗಸು ಗಂಟನ್ನು ತೋರಿಸಿ, ಏನಿದೆ ಎಂದು ಹುಬ್ಬು ಏರಿಸಿದಳು. ಅವಳ ಕೆಲಸ ಅದು, ತಪ್ಪಲ್ಲ. ಅತ್ತೆ ಗಂಟು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಅವಳು ಅದನ್ನು ತೆಗೆದುಕೊಳ್ಳಲೆಂದು ಕೈಗವಸು ತೊಟ್ಟ ಕೈಯನ್ನು ಮುಂದೆ ಚಾಚಿದಳು. ಅತ್ತೆ ಸರಕ್ಕನೆ ಕೈ ಎದೆಗೆ ಒತ್ತಿಕೊಂಡರು. ನಾನು ನಡುವೆ ನುಗ್ಗಿ ನನ್ನ ಕಣ್ಣು ಮುಟ್ಟಿ ತೋರಿಸಿ, ನೋಡಬಹುದು ಅಂತ ತಲೆಯಾಡಿಸಿದೆ. ನನ್ನ ಕೈ ತೋರಿಸಿ, ಮುಟ್ಟುವುದು ಬೇಡ ಅಂತ ತಲೆಯಾಡಿಸಿದೆ. ಮತ್ತೆ ಮತ್ತೆ ಅದನ್ನೇ ಮಾಡಿದೆ. ನೋಡುವವರಿಗೆ ಹುಚ್ಚಿಯಂತೆ ಕಂಡಿರಬೇಕು. ಅವಳು ಯಾರನ್ನೋ ಕರೆದಳು.

ಬಂದವಳು ಹಿರಿಯ ಅಧಿಕಾರಿ, ಕಿವಿಯ ಹತ್ತಿರ ಕೂದಲು ನರೆತವಳು. ಕಿರಿಯಳು ಹೇಳಿದ್ದನ್ನೆಲ್ಲ ಕೇಳಿದಳು. ಅತ್ತೆಯ ಮುಖ ನೋಡಿದಳು, ನನ್ನ ಸನ್ನೆ ನೋಡಿದಳು. ಆಮೇಲೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಂದೆ ಬಂದು, ನಡು ಬಗ್ಗಿಸಿದಳು.

ಅತ್ತೆ ಒಂದು ಕ್ಷಣ ಅವಳ ಬೆನ್ನ ಹಿಂದಿನ ಕೈಗಳನ್ನು ನೋಡಿದರು. ನಂತರ ನಿಧಾನವಾಗಿ ಅಂಗೈ ಮುಂದೆ ಚಾಚಿದರು. ಆ ಹೆಂಗಸು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಆ ಕರಿಯ ಲಿಂಗವನ್ನು ನೋಡಿದಳು. ಸಣ್ಣ ಬಟ್ಟೆಯ ಚೂರನ್ನು ಕಡ್ಡಿಗೆ ಸಿಕ್ಕಿಸಿ ಅತ್ತೆಯ ಮಣಿಕಟ್ಟನ್ನಷ್ಟೇ ಒರೆಸಿ, ಅದನ್ನು ಸ್ಫೋಟಕ ಪತ್ತೆಮಾಡುವ ಒಂದು ಯಂತ್ರಕ್ಕೆ ಕೊಟ್ಟಳು. ಹಸಿರು ದೀಪ ಬಂತು. ನೇರವಾಗಿ ನಿಂತು, ಹೋಗಿ ಎಂದು ತಲೆ ಬಾಗಿಸಿದಳು. ನನಗೆ ಅಳು ಬಂತು. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಭಾಷೆಯ ಆ ಹೆಂಗಸಿಗೆ ನಮ್ಮ ಅಂಗಡಿಯಲ್ಲಿ ಒಂದು ರವಿಕೆ ಹೊಲಿದುಕೊಡಬೇಕು ಅನ್ನಿಸಿತು. ನನಗೆ ಬರುವ ವಿದ್ಯೆ ಅದೊಂದೇ.

ಅತ್ತೆ ಅಳಲಿಲ್ಲ. ಟ್ರೇಯಿಂದ ಕರಡಿಗೆ ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿ, ಲಿಂಗವನ್ನು ಒಳಗಿಟ್ಟು ಕೊರಳಿಗೆ ಹಾಕಿಕೊಂಡರು. "ಇದು ಹೋಗಿದ್ರೆ ಹೋಗ್ಲಿ ಅಂದ್ಕಂಡಿದ್ದೆ. ನಿಮ್ಮಾವ ಬೈಯ್ಯಾರು ಅಷ್ಟೇಯ" ಅಂದರು.

ಓಡಿದೆವು. ಮನೆಯವರು ಮುಂದೆ ಓಡಿ, ವಿಮಾನ ಹತ್ತುವ ಜಾಗದಲ್ಲಿ ಮೂರು ಕುರ್ಚಿಯ ಮೇಲೆ ಟವೆಲ್ ಹಾಸಿ ಕಾಯುತ್ತಿದ್ದರು. ಕುರ್ಚಿಗಳೆಲ್ಲ ಖಾಲಿ, ಜನರೆಲ್ಲ ಆಗಲೇ ಸಾಲಿನಲ್ಲಿ ನಿಂತಿದ್ದರು. ಆದರೂ ಅತ್ತೆ ಒಂದು ಗಳಿಗೆ ಆ ಟವೆಲಿನ ಮೇಲೆ ಕೂತೇ ಎದ್ದರು.

ಬೆಂಗಳೂರಿನಿಂದ ರೈಲು ಹಿಡಿದೆವು. ಕಡೂರು ಬರುವವರೆಗೂ ಅತ್ತೆ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದರು. ಅಲ್ಲಿ ಎದ್ದು ಕಾಫಿ ಕುಡಿದು, ರೈಲು ಹೊರಟ ಮೇಲೆ ಚೀಲದಿಂದ ಆ ನೀಲಿ ರೇಷ್ಮೆ ತುಂಡು ತೆಗೆದು ನನ್ನ ತೊಡೆಯ ಮೇಲಿಟ್ಟರು.

"ದೇವ್ರ ಮನೆ ದೀಪದ ಕೆಳಗೆ ಹಾಸಾನ ಅಂತ ತಗಂಡಿದ್ದೆ. ಬ್ಯಾಡ. ಇದ್ರಲ್ಲಿ ಎರಡು ಸಣ್ಣ ಚೀಲ ಹೊಲಿ, ಕೊರಳಿಗೆ ಹಾಕ್ಕಳಂಗೆ. ಗುಂಡಿ ಇಡಬ್ಯಾಡ, ದಾರ ಇಡು. ಮುಂದ್ಲ ಸಲ ಆ ಬಾಗ್ಲು ಗುಂಡಿಗೂ ಕೂಗಿದ್ರೆ ಕಷ್ಟ."

ಮನೆಯವರು ನಕ್ಕರು. "ಇದೇ ಕೊನೆ ಅಂದಿದ್ದೆ ಅಲ್ವೇನವ್ವ?"

"ಅವಾಗ ಅಂದಿದ್ದೆ" ಅಂದರು ಅತ್ತೆ.

"ಎರಡು ಯಾಕೆ ಅತ್ತೆ?" ಎಂದು ನಾನು ಕೇಳಿದೆ.

"ಒಂದು ನಂಗೆ. ಇನ್ನೊಂದು, ನೀನು ಮೊಳೆಗೆ ನೇತಾಕಿದೀಯಲ್ಲ, ಅದುಕ್ಕೆ. ಬಟ್ಟೇದು ಮಷೀನಿಗೆ ತಾಗಲ್ಲ. ಅದುನ್ನೂ ಕರ್ಕಂಡು ಹೋಗಾನ. ಅದೂ ಸಮುದ್ರ ನೋಡಿಲ್ಲ."

ಇಷ್ಟು ವರ್ಷ ಅವರು ಆ ಮೊಳೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ನೋಡಿಯೇ ಇಲ್ಲವೇನೋ ಅಂತ ನಾನು ಅಂದುಕೊಂಡಿದ್ದೆ. ಕಿಟಕಿಯಾಚೆ ತೆಂಗಿನ ತೋಟಗಳು ಓಡುತ್ತಿದ್ದವು, ಇನ್ನೇನು ನಮ್ಮೂರು. ಟೇಪು ಜೊತೆಯಲ್ಲಿರಲಿಲ್ಲ. ರೇಷ್ಮೆಯ ಅಂಚಿನಿಂದ ಒಂದು ಎಳೆ ಬಿಡಿಸಿಕೊಂಡು ಅತ್ತೆಯ ಕೊರಳ ಸುತ್ತ ಹಿಡಿದು ಅಳತೆ ತೆಗೆದೆ. ಆಮೇಲೆ ನನ್ನದು ತೆಗೆದೆ.